ಮೊಸರನ್ನವಿಲ್ಲದೆ ಮುಗಿಯದ ಊಟ ಮತ್ತು ಅಕ್ಕಿಯ ಪಿಷ್ಟ

ಅನ್ನಾಂಶ ನಿಯಂತ್ರಣ ಇಲಾಖೆ, ದಕ್ಷಿಣ ವಲಯ
ಸಂಖ್ಯೆ: ಅನಿಇ/ದವ/ಗಂಜಿ/07
ದಿನಾಂಕ: ಅನ್ನ ಆರುವ ಮುನ್ನ

ವಿಷಯ: ಅಕ್ಕಿ ತಳಿಗಳ ಪೋಷಕಾಂಶ ಹಾಗೂ ರಾಸಾಯನಿಕ ವ್ಯತ್ಯಾಸಗಳಿಂದಾಗಿ ಯಡಿಯೂರಿನ ಮನೆಯೊಂದರಲ್ಲಿ ಊಟ ಸ್ಥಗಿತಗೊಂಡಿರುವ ಬಗ್ಗೆ.

ಉಲ್ಲೇಖ: ನಿವೃತ್ತ ಬ್ಯಾಂಕ್ ಮ್ಯಾನೇಜರ್ ಶ್ರೀ ಗುಂಡಣ್ಣ ಅವರು ಬಲಗೈ ಎಂಜಲಾದ ಪ್ರಯುಕ್ತ ಎಡಗೈಯಲ್ಲಿ ಬರೆದ ಮನವಿ.

ಮನವಿದಾರರ ರಕ್ತದಲ್ಲಿ ಸಕ್ಕರೆ ಏರಿದ ಕಾರಣ, ಅವರ ಧರ್ಮಪತ್ನಿ ಶ್ರೀಮತಿ ಕಾತ್ಯಾಯಿನಿಯವರು ಪಾಲಿಶ್ ಮಾಡಿದ ಸೋನಾ ಮಸೂರಿಯನ್ನು ರದ್ದುಪಡಿಸಿ, ತೌಡು ಉಳಿದ ರಾಜಮುಡಿಯನ್ನು ಜಾರಿಗೆ ತಂದಿರುತ್ತಾರೆ. ನಾರು ಹೆಚ್ಚು, ಬಿ ಜೀವಸತ್ವ ಹೆಚ್ಚು, ಗುಂಡಣ್ಣನವರ ಮುಖದ ಕಳೆ ಮಾತ್ರ ಕಡಿಮೆ. ಸಾಲದ್ದಕ್ಕೆ, ಕುಕ್ಕರ್ ಬಿಟ್ಟು ಪಾತ್ರೆಯಲ್ಲಿ ಬೇಯಿಸಿ ಗಂಜಿಯನ್ನೂ ಬಸಿಯಲಾಯಿತು. ಆದರೂ ಸಕ್ಕರೆ ಇಳಿಯಲಿಲ್ಲ. ತನಿಖೆ ನಡೆಸಲಾಗಿ, ಬಸಿದ ಗಂಜಿಗೆ ಉಪ್ಪು, ಇಂಗು, ಮಜ್ಜಿಗೆ ಬೆರೆಸಿ, ವಾಷಿಂಗ್ ಮಷಿನ್ನಿನ ಮರೆಯಲ್ಲಿ ನಿಂತು ಸದರಿ ಮನವಿದಾರರು ದಿನಾ ಕುಡಿಯುತ್ತಿದ್ದುದು ಪತ್ತೆಯಾಯಿತು. "ಅನ್ನ ತಾನೇ ಕಮ್ಮಿ ಮಾಡಿ ಅಂದಿದ್ದು? ಇದು ನೀರು ಕಣೇ" ಎಂಬುದು ಅವರ ಹೇಳಿಕೆ.

ಶಿಕ್ಷೆಯಾಗಿ ಇಂದು ಮೊಸರನ್ನ ತಡೆಹಿಡಿಯಲಾಗಿದೆ. ಮೊಸರನ್ನವಾಗದೆ ಊಟ ಮುಗಿಯಿತೆನ್ನುವ ಪದ್ಧತಿ ಆ ಮನೆತನದಲ್ಲಿಲ್ಲ. ಪಾಪ, ಮನುಷ್ಯ ಏಳುವುದಾದರೂ ಹೇಗೆ? ಕೈ ಒಣಗಿಸಿಕೊಂಡು ತಟ್ಟೆಯ ಮುಂದೆ ಕೂತೇ ಇದ್ದಾರೆ. ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಸೂಚಿಸಲಾಗಿದೆ:

1. ಗಂಜಿಯು ನೀರಲ್ಲ. ಪಿಷ್ಟವೂ ಜೀವಸತ್ವವೂ ಅದರೊಳಗೆ ಇಳಿಯುವುದರಿಂದ ಅದನ್ನು 'ದ್ರವರೂಪದ ಅನ್ನ' ಎಂದು ಘೋಷಿಸಲಾಗಿದೆ. ಮರೆಯಲ್ಲಿ ಕುಡಿದರೂ ಲೆಕ್ಕಕ್ಕೆ ಬರತಕ್ಕದ್ದು.

2. ಅಮೈಲೋಸ್ ಎಂಬ ಪಿಷ್ಟ ಹೆಚ್ಚಿರುವ ಅಕ್ಕಿ ಉದುರುದುರಾಗಿ, ಸಾಮಾನ್ಯವಾಗಿ ನಿಧಾನಕ್ಕೆ ಅರಗುತ್ತದೆ. ಕಡಿಮೆಯಿರುವುದು ಮೆತ್ತಗಾಗಿ ಬೇಗ ಸಕ್ಕರೆಯಾಗುತ್ತದೆ. ಆದ್ದರಿಂದ ಅನ್ನ ಕಿವುಚುವಾಗ ಬೆರಳಿಗೆ ಸುಖವೆನಿಸಿದ ಕೂಡಲೇ ಕಿವುಚುವುದನ್ನು ನಿಲ್ಲಿಸತಕ್ಕದ್ದು.

3. ಬಾಸ್ಮತಿಯಲ್ಲಿ ಮೊಸರನ್ನ ಕಲಸುವುದನ್ನು ನಿಷೇಧಿಸಲಾಗಿದೆ. ಮನವಿದಾರರ ತಂಗಿ, ಹತ್ತಿರದ ಬಡಾವಣೆ ಶ್ರೀನಗರದ ಸರ್ವಮಂಗಳಾ ಅವರು ಪ್ರಯೋಗಿಸಿ ನೋಡಿದ್ದು, ಅಗುಳುಗಳು ಗುರುತಿಲ್ಲದವರ ಮದುವೆಗೆ ಬಂದವರಂತೆ ದೂರದೂರ ನಿಂತಿದ್ದವು.

4. ಆರಿದ ಅನ್ನದಲ್ಲಿ ಸುಲಭವಾಗಿ ಅರಗದ ಪಿಷ್ಟ ಕೊಂಚ ಹೆಚ್ಚುವುದು ನಿಜ. ಹಾಗೆಂದು ಫ್ರಿಜ್ಜಿನಲ್ಲಿಟ್ಟ ಚಿತ್ರಾನ್ನವನ್ನು ಔಷಧಿಯೆಂದು ಮೂರು ಹೊತ್ತು ಸೇವಿಸುವಂತಿಲ್ಲ.

5. ಊಟವು ತಾಂತ್ರಿಕವಾಗಿ ಚಾಲ್ತಿಯಲ್ಲಿರುವುದರಿಂದ, ಊಟದ ನಂತರದ ನಿದ್ದೆ, ಆ ನಿದ್ದೆಯ ನಂತರದ ಕಾಫಿ, ಆ ಕಾಫಿಯ ನಂತರದ ಕೆರೆ ಸುತ್ತಿನ ವಾಕಿಂಗ್, ಇವ್ಯಾವುವೂ ಮಂಜೂರಾಗಿರುವುದಿಲ್ಲ.

6. ಶ್ರೀಮತಿ ಕಾತ್ಯಾಯಿನಿಯವರು ಅಡುಗೆಮನೆಯಿಂದಲೇ ಸಲ್ಲಿಸಿದ ಆಕ್ಷೇಪಣೆ: "ನಮ್ಮಪ್ಪಂಗೆ ಇದೇ ಸಕ್ಕರೇಲಿ ಕಣ್ಣು ಹೋಯ್ತು. ಇವ್ರು ಎಷ್ಟು ಬೇಕಾದ್ರೂ ಬೈಕೊಳ್ಳಲಿ. ನಂಗೆ ಹೆದರಿಕೆ ಆಗುತ್ತೆ." ಇದಕ್ಕೆ ಅನ್ವಯಿಸುವ ನಿಯಮ ಇಲಾಖೆಯಲ್ಲಿ ಲಭ್ಯವಿಲ್ಲ. ಇದನ್ನು ಕೇಳಿದ ಮನವಿದಾರರು "ಗಂಜಿ ಗಿಡಕ್ಕೆ ಹಾಕ್ಬಿಡೇ" ಎಂದಿರುತ್ತಾರೆ.

7. ಸದರಿ ಮಾತನ್ನು ಕ್ಷಮಾಪಣೆಯೆಂದು ಪರಿಗಣಿಸಿ, ರಾಜಮುಡಿಯನ್ನೇ ತುಸು ಮೆತ್ತಗೆ ಬೇಯಿಸಿ, ಒಂದೇ ಸೌಟು ಮೊಸರನ್ನ ಬಡಿಸಲು ಆದೇಶಿಸಲಾಗಿದೆ. ಒಗ್ಗರಣೆ ಶ್ರೀಮತಿಯವರ ವಿವೇಚನೆಗೆ ಬಿಟ್ಟದ್ದು.

ಸಹಿ/-
ಪ್ರಭಾರ ಉಪನಿರ್ದೇಶಕರು (ಪಿಷ್ಟ)

ಪ್ರತಿಗಳು:
1. ಶ್ರೀಮತಿ ಸರ್ವಮಂಗಳಾ, ಶ್ರೀನಗರ: ಉಳಿದ ಬಾಸ್ಮತಿಯನ್ನು ಪಲಾವಿಗೆ ಬಳಸಲು.
2. ಮನೆಯ ಕರಿಬೇವಿನ ಗಿಡ: ಗಂಜಿ ಸ್ವೀಕರಿಸಿದ ಬಗ್ಗೆ ಹಿಂಬರಹ ನೀಡಲು.
3. ಶ್ರೀಮತಿ ಕಾತ್ಯಾಯಿನಿ: ತಾವೂ ಊಟ ಮಾಡದೆ ಕಾದಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ; ತಟ್ಟೆ ಹಾಕಿಕೊಳ್ಳುವುದು.
4. ಶ್ರೀ ಗುಂಡಣ್ಣ: ಬಡಿಸುವುದು ಇನ್ನು ತಮ್ಮ ಪಾಳಿ.