ಗುಡಾಣ ಮಾಡೋದು ಅಂದ್ರೆ

ಒಂದು ಒಗಟು: ಊರಿಗೆಲ್ಲ ಹಂಚಿದರೂ ಮುಗಿಯಲ್ಲ, ಹಂಚಿದವನು ನಾನು, ವಾಪಸ್ ಕೇಳೋರು ಇನ್ನೊಬ್ಬರು. ಏನದು? ಗೊತ್ತಾಗಲ್ಲ ಬುಡಿ. ನಮ್ಮ ಬೀದಿಯ ಗುಡಾಣದ ಮನೆ ಯಜಮಾನರ ಮನೆತನದ ಹೆಸರು. ಚಿಕ್ಕನಾಯಕನಹಳ್ಳೀಲಿ ಇಂಥವೆಲ್ಲ ನಾನಿದ್ದ ಕಡೇನೇ ಯಾಕೆ ನಡೀತವೋ, ಆ ದೇವರಿಗೇ ಗೊತ್ತು.

೧. ಸಾಹೇಬನ ಹೆಸರು

ಎಸ್ಸೆಸ್ಸೆಲ್ಸಿ ಎರಡನೇ ಸಲ ಕಟ್ಟಿದ್ದೆ. ಬಾಯ್ಕಾಟ್ ಅನ್ನೋದು ಮೊದಲು ಒಬ್ಬ ಸಾಹೇಬನ ಮನೆತನದ ಹೆಸರು, ಊರಿನವರೆಲ್ಲ ಸೇರಿ ಅವನ ಕೆಲಸಕ್ಕೆ ಹೋಗಲ್ಲ ಅಂದ ಮೇಲೆ ಅದೇ ಇಂಗ್ಲಿಷಿನ ಕ್ರಿಯಾಪದ ಆಯ್ತು ಅಂತ ಮೇಷ್ಟ್ರು ಹೇಳಿದರು. ಆ ವರ್ಷ ನನ್ನ ತಲೆಗೆ ಹತ್ತಿದ ಪಾಠ ಅದೊಂದೇ. ಸಾಹೇಬನಿಗೆ ಸಿಕ್ಕ ಮರ್ಯಾದೆ ನಮ್ಮ ಯಜಮಾನರಿಗೂ ಸಿಗಲಿ ಅನ್ನಿಸಿತು.

೨. ಕಿವಿ ಹತ್ತಿರ

ನಮ್ಮ ಕಡೆ ತೆಂಗಿನಕಾಯಿನ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸ್ತಾರೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಅಂದರೆ ಒಳಗಿನ ತಿರುಳು ಚಿಪ್ಪು ಬಿಟ್ಟಿದೆ, ಕೊಬ್ಬರಿ ಆಯ್ತು ಅಂತ. ಯಜಮಾನರ ವಿಷಯದಲ್ಲಿ ಈ ಅಭ್ಯಾಸ ಅಟ್ಟದಿಂದ ಇಳಿದು ಬಂದಿತ್ತು. ಬೆಂಕಿಪೊಟ್ಟಣ, ಗಡಿಯಾರ, ಎಲ್ಲಾನೂ ಅಲ್ಲಾಡಿಸೋರು. ಅಂಗಡಿಯವನು ಹೊಸ ಟ್ರಾನ್ಸಿಸ್ಟರಿನಲ್ಲಿ ಹಾಡು ಕೇಳಿಸಿದರೆ, "ಅದಿರ್ಲಿ, ಒಳಗೆ ಬಿಟ್ಟೈತೋ ಇಲ್ವೋ ನೋಡ್ತೀನಿ ತಡಿ" ಅಂದರಂತೆ.

ನಾನದಕ್ಕೆ ಗುಡಾಣಿಂಗ್ ಅಂತ ಹೆಸರಿಟ್ಟೆ. ಸ್ವಲ್ಪ ದಿನಕ್ಕೇ ಹುಳಿಯಾರು ಬಸ್ಸಿನ ಕಂಡಕ್ಟರು ಗೊರಕೆ ಹೊಡೆಯೋನ ಭುಜ ಹಿಡಿದು ಅಲ್ಲಾಡಿಸ್ತಾ, "ಇವ್ನಿಗೆ ಗುಡಾಣ ಮಾಡ್ದೆ ಇಳಿಯಲ್ಲ" ಅನ್ನೋಕೆ ಶುರು ಮಾಡಿದ.

೩. ಹೆಣ್ಣು ನೋಡೋ ಶಾಸ್ತ್ರ

ಅಷ್ಟರಲ್ಲಿ ಯಜಮಾನರ ಮಗಳನ್ನ ನೋಡೋಕೆ ಹುಳಿಯಾರಿಂದಲೇ ಗಂಡಿನ ಕಡೆಯವರು ಬರೋದು ಅಂತಾಯ್ತು. ಯಜಮಾನರು ನನ್ನ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ನಗೋದಾದ್ರೆ ನಗ್ಲಾ, ಬ್ಯಾಡ ಅನ್ನಲ್ಲ. ನಾಳೆ ಇದ್ರಿಂದ ಸಂಬಂಧ ಮುರಿದ್ರೆ ನನ್ನ ಮಗಳ ಮುಖ ನೀನು ನೋಡ್ತೀಯಾ?" ಅಂದರು.

ಮಾರನೇ ದಿನ ಯಜಮಾನರು ಎರಡೂ ಕೈಯನ್ನ ತೊಡೆ ಕೆಳಗೆ ಹಾಕಿಕೊಂಡೇ ಕೂತಿದ್ದರು. ಕಾಫಿ ಮುಗೀತು. ಹುಡುಗಿ ಒಪ್ಪಿಗೆಯಾದಳು. ತಾಂಬೂಲದ ಕಾಯಿ ಕೊಟ್ಟದ್ದೇ ತಡ, ಗಂಡಿನ ಅಪ್ಪ ಅದನ್ನ ಸೀದಾ ಕಿವಿಗೆ ಹಿಡಿದು ಅಲ್ಲಾಡಿಸಿದರು. ಬಸ್ಸಿನ ಮಾತು ಅವರ ಮನೆಗೂ ತಲುಪಿತ್ತು, ಅದು ಯಾರ ಹೆಸರು ಅನ್ನೋದು ಮಾತ್ರ ತಲುಪಿರಲಿಲ್ಲ.

"ಸಾಕು ಬುಡಿ, ಹೆಣ್ಣಿನ ಮನೇಲೂ ಗುಡಾಣ ಮಾಡ್ಬ್ಯಾಡಿ" ಅಂದರು ಅವರ ಹೆಂಡತಿ.

ಯಜಮಾನರು ನಿಧಾನಕ್ಕೆ ಕೈ ಆಚೆ ತೆಗೆದು, ಇನ್ನೊಂದು ಕಾಯಿ ಎತ್ತಿ ಕಿವಿಗೆ ಹಿಡಿದರು.

"ಹಂಗಲ್ಲ ಬೀಗ್ರೇ, ಹಿಂಗೆ. ಇದು ನಮ್ಮನೇದೇ."

ಸಂಬಂಧ ಕುದುರಿದ್ದು ನಿಜ. ಈ ತಾಂಬೂಲದ ಹೊತ್ತಿನ ಮಾತುಗಳನ್ನ ಮಾತ್ರ ನಾನು ಕಟ್ಟಿದ್ದು. ಅವತ್ತು ಯಜಮಾನರು ಬೆಳಗ್ಗೇನೇ ನನ್ನ ಅಟ್ಟಕ್ಕೆ ಹತ್ತಿಸಿ, ಕಾಯಿ ಅಲ್ಲಾಡಿಸ್ತಾ ಇರು ಅಂತ ಹೇಳಿ, ಬೀಗರು ಬಸ್ಸು ಹತ್ತೋವರೆಗೂ ಏಣಿ ತೆಗೆದುಬಿಟ್ಟಿದ್ದರು.