ತಾವು ತೊಳೆದುಕೊಟ್ಟ ನಲವತ್ತು ಸೆಕೆಂಡು

ಹಳೆಯ ಆಲ್ಬಮ್‌ಗಳನ್ನು ಶುಚಿಗೊಳಿಸಿ ಮತ್ತೆ ಹೊರತರುವ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಾವೂ ತಮ್ಮ ಯಂತ್ರಗಳೂ ಆ ಯಂತ್ರಗಳ ಚುರುಕು ಕಿವಿಗಳೂ ಕ್ಷೇಮವೆಂದು ನಂಬಿ, ಅಷ್ಟೇನೂ ಕ್ಷೇಮವಾಗಿಲ್ಲದ ನಾನು ಹತ್ತು ಜನರ ಕಣ್ಣಿಗೆ ಬೀಳಲೆಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಮುದ್ರಣಾಲಯವೊಂದರಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸಿ ನಿವೃತ್ತನಾದವನು ನಾನು. ರೈಲು ನಿಲ್ದಾಣದ ಹಿಂದಿನ ನೃತ್ಯಶಾಲೆಯಲ್ಲಿ ಪ್ರತಿ ಶನಿವಾರ ಸಂಜೆ ನಮ್ಮ ಸಣ್ಣ ವಾದ್ಯತಂಡಕ್ಕೆ ಡ್ರಮ್ ಬಾರಿಸುವ ಕೆಲಸದಿಂದ ಮಾತ್ರ ಯಾರೂ ನನ್ನನ್ನು ಇನ್ನೂ ನಿವೃತ್ತಗೊಳಿಸಿಲ್ಲ.

ಹೊದಿಕೆಯ ಮೇಲೆ ಹಳದಿ ಏಣಿಯ ಚಿತ್ರವಿರುವ ಆಲ್ಬಮ್ಮನ್ನು ತಾವು ಇತ್ತೀಚೆಗೆ ಶುಚಿಗೊಳಿಸಿ ಹೊರತಂದಿದ್ದೀರಿ. ಜಾಝ್ ಮತ್ತು ರಾಕ್ ಎರಡನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿ ರಾಜಿ ಮಾಡಿಸಿದ ಈ ಆಲ್ಬಮ್ ಅಸಂಖ್ಯ ಕಲಾವಿದರ ಬದುಕನ್ನೇ ಬದಲಿಸಿತೆಂದು ತಾವು ಹೊದಿಕೆಯ ಹಿಂದೆ ಅಚ್ಚು ಹಾಕಿಸಿದ್ದೀರಿ, ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮೂವತ್ತು ವರ್ಷಗಳ ಹಿಂದೆ, ಮುಚ್ಚಿಹೋಗುತ್ತಿದ್ದ ಹೋಟೆಲೊಂದರಿಂದ ಅದರ ಗ್ರಾಮಫೋನ್ ಪ್ಲೇಟಿನ ಒಂದು ಪ್ರತಿ ನಮ್ಮ ಕೈಸೇರಿತು. ಊರಿಗೆಲ್ಲ ಅದೊಂದೇ ಪ್ರತಿ. ಸ್ವರ ಬರೆದ ಪುಸ್ತಕ ನಮ್ಮಲ್ಲಿರಲಿಲ್ಲ, ಇದ್ದಿದ್ದರೂ ಓದಲು ಬರುವವರಿರಲಿಲ್ಲ. ಮುಳ್ಳನ್ನು ಎತ್ತಿ ಇಟ್ಟು, ಎತ್ತಿ ಇಟ್ಟು, ಕಿವಿಯಿಂದಲೇ ಇಡೀ ಆಲ್ಬಮ್ಮನ್ನು ಕಲಿತು ಒಪ್ಪಿಸಿದೆವು.

ಮೂರನೆಯ ಕೃತಿಯ ನಡುವೆ ಒಂದು ಜಾಗವಿತ್ತು. ಎಲ್ಲ ವಾದ್ಯಗಳೂ ಮೆಲ್ಲಗಾಗುತ್ತ ಬಂದು, ಇನ್ನೇನು ನಿಂತೇಹೋಯಿತು ಅನ್ನುವಷ್ಟರಲ್ಲಿ ‘ಟಕ್’ ಎಂದೊಂದು ಸದ್ದು ಕೇಳಿ, ಮರುಕ್ಷಣವೇ ಇಡೀ ತಂಡ ಎರಡು ಪಟ್ಟು ವೇಗದಲ್ಲಿ ಬೇರೆಲ್ಲೋ ಓಡುತ್ತಿತ್ತು. ಇಂಥ ಧೈರ್ಯ ದೊಡ್ಡವರಿಗೇ ಬರಬೇಕು ಎಂದು ನಾವು ಮೂಗಿನ ಮೇಲೆ ಬೆರಳಿಟ್ಟುಕೊಂಡೆವು. ಆ ‘ಟಕ್’ ಡ್ರಮ್ಮಿನ ಅಂಚಿಗೆ ಕೋಲು ಬಡಿದ ಸದ್ದೇ ಎಂದು ತೀರ್ಮಾನಿಸಿದವನು ನಾನು, ಅದನ್ನು ಬಾರಿಸಿ ಊರಲ್ಲಿ ಹೆಸರು ಮಾಡಿದವನೂ ನಾನೇ. ನೃತ್ಯ ಕಲಿಸುವ ಮೇಡಂ ಆ ಜಾಗಕ್ಕೆಂದೇ ಒಂದು ಜಿಗಿತ ಕಟ್ಟಿದರು. ಶನಿವಾರ ನಲವತ್ತು ಜೋಡಿಗಳು ಒಟ್ಟಿಗೆ ಜಿಗಿದರೆ ಕೆಳಗಿನ ಅಂಗಡಿಯ ಗಾಜುಗಳು ನಡುಗುತ್ತಿದ್ದವು. ಪಕ್ಕದ ಬೀದಿಯ ಗಿಟಾರ್ ತಂಡದವರು ಅದನ್ನು ನಮ್ಮಿಂದ ಎತ್ತಿಕೊಂಡು ತಮ್ಮ ರಾಕ್ ಹಾಡುಗಳಿಗೆಲ್ಲ ಹಾಕಿಕೊಂಡರು, ಅವರಿಂದ ಕಲಿತವರು ಮೂಲವನ್ನು ಕೇಳದೆಯೇ ಇವತ್ತಿಗೂ ಜಿಗಿಯುತ್ತಿದ್ದಾರೆ. ಒಂದು ಆಲ್ಬಮ್ಮಿನ ಪ್ರಭಾವ ಅಂದರೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಹೀಗಿರುವಾಗ ಹೋದ ಭಾನುವಾರ ನನ್ನ ಮಗಳು, ಅಪ್ಪನಿಗೆ ಖುಷಿಯಾಗಲಿ ಎಂಬ ಶುದ್ಧ ಉದ್ದೇಶದಿಂದ, ತಮ್ಮ ಹೊಸ ಆವೃತ್ತಿಯನ್ನು ತಂದುಕೊಟ್ಟಳು. ಬೆಳಗಿನ ತಿಂಡಿ ಮುಗಿಸಿ ಕೋಲು ಹಿಡಿದು ಕೂತೆ. ಮೂರನೆಯ ಕೃತಿ ಬಂತು, ಆ ಜಾಗ ಬಂತು, ನಾನು ಕುರ್ಚಿಯ ಕೈಗೆ ‘ಟಕ್’ ಎಂದು ಬಡಿದೆ. ತಮ್ಮ ಪ್ಲೇಟು ಬಡಿಯಲಿಲ್ಲ. ಅದರ ಬದಲು ಒಂದು ಸ್ಯಾಕ್ಸೋಫೋನ್, ಒಂದೇ ಒಂದು ಸ್ಯಾಕ್ಸೋಫೋನ್, ಮೆಲ್ಲಗೆ ಎದ್ದು ನಿಂತು ನಲವತ್ತು ಸೆಕೆಂಡು ನುಡಿಸಿತು. ಕೈಗಡಿಯಾರ ಹಿಡಿದು ನಾಲ್ಕು ಸಲ ಅಳೆದಿದ್ದೇನೆ. ಇಡೀ ಆಲ್ಬಮ್ಮಿನಲ್ಲಿ ಅದಕ್ಕಿಂತ ಚೆನ್ನಾದದ್ದಿಲ್ಲ, ಅದನ್ನು ಕೇಳುತ್ತ ಕೇಳುತ್ತ ನಾನು ಕೋಲನ್ನು ನೆಲಕ್ಕಿಟ್ಟೆ. ನಮ್ಮ ಪ್ರತಿಯಲ್ಲಿ ಇದ್ದದ್ದು ಅಡ್ಡ ಗೀರು, ಮುಳ್ಳು ಅಲ್ಲಿ ಎಡವಿ ಅಷ್ಟನ್ನೂ ಹಾರಿಹೋಗುತ್ತಿತ್ತು ಅನ್ನುವುದು ಈ ವಯಸ್ಸಿನಲ್ಲಿ ತಿಳಿದುಬಂತು.

ಗೀರಿನ ವಿಷಯವಾದರೆ ನಕ್ಕು ಸುಮ್ಮನಾಗಬಹುದಿತ್ತು, ಮಾನ್ಯರೇ. ಆದರೆ ನಮ್ಮ ತಂಡದಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದವನು ನನ್ನ ಹೆಂಡತಿಯ ತಮ್ಮ, ವೃತ್ತಿಯಲ್ಲಿ ಬೀಗ ರಿಪೇರಿಯವನು. ಮೂರನೆಯ ಕೃತಿಯಲ್ಲಿ ಅವನಿಗೆ ಕೆಲಸವೇ ಇರಲಿಲ್ಲ. ಒಂದು ದಿನ ಅಭ್ಯಾಸಕ್ಕೆ ಸೇರಿದ್ದಾಗ ಅವನು ಹಳೆಯ ಹೊದಿಕೆಯನ್ನು ತಂದು, “ಭಾವ, ಈ ಪಟ್ಟೀಲಿ ಮೂರನೇದಕ್ಕೂ ಸ್ಯಾಕ್ಸೋಫೋನ್ ಅಂತ ಇದೆಯಲ್ಲ, ಅದೆಲ್ಲಿ ಹೋಯ್ತು?” ಎಂದು ಕೇಳಿದ. ಅಲ್ಲಿ ಬರೆದಿದ್ದ ಸಮಯಕ್ಕೂ ನಾವು ನುಡಿಸುವ ಸಮಯಕ್ಕೂ ಮುಕ್ಕಾಲು ನಿಮಿಷದ ಹತ್ತಿರ ವ್ಯತ್ಯಾಸವಿದೆ ಎಂಬುದನ್ನೂ ತೋರಿಸಿದ. ನಾನು ಎಲ್ಲರೆದುರು, “ಅದು ಅಚ್ಚಿನ ತಪ್ಪು. ಅಚ್ಚಿನ ವಿಷಯ ನಂಗೆ ಹೇಳ್ಕೊಡೋಕೆ ಬರ್ಬೇಡ” ಎಂದೆ. ಮುದ್ರಣಾಲಯದವನ ಮಾತಿಗೆ ಎದುರಾಡುವವರು ಯಾರಿದ್ದರು? ಹಾಗಾದರೆ ಅಲ್ಲಿ ತಾನೇ ಏನಾದರೂ ನುಡಿಸಿ ನೋಡಲೇ ಎಂದು ಅವನು ಕೇಳಿದ್ದಕ್ಕೆ, “ಇಲ್ಲದ್ದನ್ನ ಸೇರಿಸೋಕೆ ನೀನ್ಯಾರು? ಅಷ್ಟೊತ್ತು ಕೈಕಟ್ಕೊಂಡು ಕೂತಿರು” ಎಂದೆ. ನನ್ನ ‘ಟಕ್’ಗೆ ಸಲ್ಲುತ್ತಿದ್ದ ಚಪ್ಪಾಳೆಯಲ್ಲಿ ಪಾಲು ಕೊಡಲು ನನಗೆ ಮನಸ್ಸಿರಲಿಲ್ಲ ಎಂಬುದನ್ನು ತಮ್ಮಂಥ ಅಪರಿಚಿತರಿಗಾದರೂ ಹೇಳಿಬಿಡುತ್ತೇನೆ.

ಆರು ವರ್ಷ, ಪ್ರತಿ ಶನಿವಾರ, ಕುಣಿಯುವವರೆಲ್ಲರ ಕಣ್ಣೆದುರು, ಅವನು ಕೈಕಟ್ಟಿ ಕೂತ. ಏಳನೆಯ ವರ್ಷ ಪೆಟ್ಟಿಗೆ ಮುಚ್ಚಿಕೊಂಡು ಹೋದವನು ತಂಡಕ್ಕೂ ಬರಲಿಲ್ಲ, ನಮ್ಮ ಮನೆಗೂ ಬರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ನನ್ನ ಹೆಂಡತಿ ಗುರುವಾರ ಗುರುವಾರ ತಮ್ಮನನ್ನು ಅವನ ಅಂಗಡಿಯಲ್ಲೇ ಹೋಗಿ ನೋಡಿಬರುತ್ತಾಳೆ. ಅವನ ಅಂಗಡಿ ನಮ್ಮ ಮನೆಯಿಂದ ಎರಡೇ ಬೀದಿ. ಆದರೂ ನಮ್ಮ ಮುಂಬಾಗಿಲಿನ ಬೀಗ ಕೆಟ್ಟಾಗ ಊರಿನ ಆ ತುದಿಯಿಂದ ಬೇರೊಬ್ಬನನ್ನು ಕರೆಸಿದೆವು, ಅವನು ಮಾಡಿಕೊಟ್ಟ ಬೀಗ ಇವತ್ತಿಗೂ ನೆಟ್ಟಗೆ ತೆರೆದುಕೊಳ್ಳುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳಿವೆ. ಜಗತ್ತಿನಾದ್ಯಂತ ಮಾರಾಟವಾಗಿರುವ ಶುಚಿ ಪ್ರತಿಗಳನ್ನೆಲ್ಲ ಮನೆಮನೆಗೆ ಹೋಗಿ ವಾಪಸು ಪಡೆದು, ಪ್ರತಿಯೊಂದಕ್ಕೂ ಅದೇ ಜಾಗದಲ್ಲಿ ಒಂದು ಗೀರು ಹಾಕಿಸಿಕೊಡಬೇಕು. ಅದು ಕಷ್ಟವೆನಿಸಿದರೆ, ಆ ನಲವತ್ತು ಸೆಕೆಂಡುಗಳು ಮೂಲದಲ್ಲಿ ಇರಲೇ ಇಲ್ಲ, ಕಳೆದ ವರ್ಷ ತಮ್ಮ ಯಂತ್ರವೇ ಬೇಜಾರಾಗಿ ಸೃಷ್ಟಿಸಿದ್ದು ಎಂದು ಮೊಹರು ಹಾಕಿದ ಒಂದು ಪ್ರಮಾಣಪತ್ರ ಕಳಿಸಿದರೂ ಸಾಕು, ಚೌಕಟ್ಟು ನಾನೇ ಹಾಕಿಸಿಕೊಳ್ಳುತ್ತೇನೆ. ಅದೂ ಆಗದಿದ್ದರೆ, ಕೋಟು ಹಾಕಿದ ಗಂಭೀರ ಮುಖದ ಅಧಿಕಾರಿಯೊಬ್ಬರನ್ನು ಬೀಗದ ಅಂಗಡಿಗೆ ಕಳಿಸಿ, ‘ನೀವು ಹೇಳಿದ್ದೇ ಸರಿಯಾಗಿತ್ತು’ ಎಂದು ಸಂಸ್ಥೆಯ ಪರವಾಗಿ ಹೇಳಿಸಬೇಕು. ಅಂಗಡಿ ಮಧ್ಯಾಹ್ನ ಒಂದರಿಂದ ಎರಡು ಮುಚ್ಚಿರುತ್ತದೆ. ಬರುವಾಗ ಕೆಟ್ಟ ಬೀಗವೊಂದನ್ನು ಕೈಯಲ್ಲಿ ಹಿಡಿದು ಬಂದರೆ ಮಾತು ಶುರುಮಾಡಲು ಸುಲಭ. ನಾನೇ ಹೋಗಬಹುದಲ್ಲ ಎಂದು ತಾವು ಕೇಳಬಹುದು. ಆ ಬೀದಿಯ ತಿರುವಿನವರೆಗೆ ಚೆನ್ನಾಗಿಯೇ ಬರುವ ನನ್ನ ಕಾಲುಗಳು ಅಲ್ಲಿಂದ ಮುಂದಕ್ಕೆ ಏಳುವುದಿಲ್ಲ.

ತಮ್ಮ ಸಂಸ್ಥೆಯ ಅಜಾಗರೂಕತೆಯನ್ನು ಹೆಂಡತಿಗೂ ವಿವರವಾಗಿ ತಿಳಿಸಿದೆ. ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ಆ ನಲವತ್ತು ಸೆಕೆಂಡನ್ನೂ ಕೇಳಿ ಮುಗಿಸಿದ ಅವಳು, “ಗೀರು ಪ್ಲೇಟ್ ಮೇಲಿತ್ತು, ಸರಿ. ನನ್ ತಮ್ಮನ್ನ ಕೈಕಟ್ಟಿ ಕೂರಿಸಿದ್ದು ಪ್ಲೇಟಲ್ಲ” ಎಂದಷ್ಟೇ ಹೇಳಿ ಒಳಗೆ ಹೋದಳು. ಈ ವಾದ ಏಕಪಕ್ಷೀಯವೆಂದು ನನ್ನ ಅಭಿಪ್ರಾಯ. ಆದರೆ ಮನೆಯಲ್ಲಿ ಮೇಲ್ಮನವಿಗೆ ಅವಕಾಶವಿಲ್ಲದ ಕಾರಣ ತಮಗೆ ಬರೆಯುತ್ತಿದ್ದೇನೆ.

ತಮ್ಮ ಯಂತ್ರಗಳಿಗೆ ಆಗಾಗ ಸ್ವಲ್ಪ ಕಿವುಡು ಬರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಟಕ್ ಮಾಸ್ತರ
(ಊರವರು ಇನ್ನೂ ಹೀಗೇ ಕರೆಯುತ್ತಾರೆ, ನಾನಾಗಿ ತಿದ್ದಿಲ್ಲ)

ಬರೆದು ಮುಗಿಸಿದ ಮೇಲೆ ಸೇರಿಸಿದ್ದು: ತಮ್ಮ ಅಧಿಕಾರಿಗೆ ಪ್ರಯಾಣದ ತೊಂದರೆ ಬೇಡ. ತಮ್ಮಂಥ ಸಂಸ್ಥೆಗಳ ವೇಗಕ್ಕೆ ಕಾದು ಕೂತರೆ ಅಷ್ಟರಲ್ಲಿ ನಾವಿಬ್ಬರೂ ಇರುವುದಿಲ್ಲವೆಂದು ಹೆಂಡತಿ ಹೇಳಿದ್ದರಿಂದ, ನಿನ್ನೆ ಅವಳ ಜೊತೆ ನಾನೇ ಹೋದೆ. ಆಲ್ಬಮ್ ಫೋನಿನಲ್ಲೂ ಸಿಗುತ್ತದೆಂದು ಮಗಳು ತೋರಿಸಿಕೊಟ್ಟಿದ್ದಳು. ಫೋನನ್ನು ಅಂಗಡಿಯ ಮೇಜಿನ ಮೇಲಿಟ್ಟು ಆ ನಲವತ್ತು ಸೆಕೆಂಡನ್ನು ಹಾಕಿದೆ. ಅವನು ಕೀಲಿ ಉಜ್ಜುವ ಯಂತ್ರ ನಿಲ್ಲಿಸಿ ಕೇಳಿದ. ಇನ್ನೊಮ್ಮೆ ಹಾಕಿಸಿದ, ಮತ್ತೊಮ್ಮೆ ಹಾಕಿಸಿದ. ಆಮೇಲೆ, “ತುಂಬಾ ಕಷ್ಟದ್ದು ಭಾವ. ನನ್ ಕೈಲಿ ಆಗ್ತಿರ್ಲಿಲ್ಲ ಬಿಡಿ” ಎಂದು, ಸ್ಟೂಲಿನ ಮೇಲಿದ್ದ ಬೀಗಗಳನ್ನು ಸರಿಸಿ ನನಗೆ ಕೂರಲು ಜಾಗ ಮಾಡಿಕೊಟ್ಟ. ಮೂರನೆಯ ಸಲ ಕೇಳುವಾಗ ಮೇಜಿನ ಅಂಚಿನ ಮೇಲೆ ಅವನ ಬೆರಳುಗಳು ಒಂದು ಸ್ವರವನ್ನೂ ತಪ್ಪಿಸದೆ ಆ ಸ್ಯಾಕ್ಸೋಫೋನಿನ ಜೊತೆಯಲ್ಲೇ ಓಡುತ್ತಿದ್ದವು, ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅವನ ಕೈಲಿ ಆಗುತ್ತಿತ್ತು, ಮಾನ್ಯರೇ.