ಬಲಗಡೆಯಿಂದ ಓದಿದ ಲೆಕ್ಕ

ಗಣಿತದ ಮೇಷ್ಟ್ರಿಗೆ ತಪ್ಪು ಒಪ್ಪಿಕೊಳ್ಳುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ. ನೋವಿಗಿಂತ ಬಾಯಿ ತೆರೆಯುವುದೇ ಕಷ್ಟ. ಅದರಲ್ಲೂ ನಾನು ದೇವದುರ್ಗದ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ “ಸಾಲಾಗಿ ಬರೆದ ಲೆಕ್ಕ ಎಡದಿಂದ ಶುರು ಮಾಡ್ರೋ” ಎಂದು ಹುಡುಗರ ಕಿವಿ ಹಿಂಡಿ, ಆಮೇಲೆ ರಾಯಚೂರಿನ ಕಾಲೇಜಿಗೆ ಬಂದವನು. ನನ್ನ ಲೆಕ್ಕ ತಪ್ಪೀತೆಂಬ ಸಂಶಯ ಕನಸಿನಲ್ಲಿಯೂ ಸುಳಿದಿರಲಿಲ್ಲ.

ಎಂಬತ್ತರ ದಶಕದಲ್ಲಿ ಆ ಕಾಲೇಜಿಗೊಂದು ಕಂಪ್ಯೂಟರ್ ಬಂತು. ಅದಕ್ಕೆ ಗೊತ್ತಿದ್ದದ್ದು ಎ.ಪಿ.ಎಲ್. ಎಂಬ ಒಂದೇ ಭಾಷೆ. ಕೀಲಿಗಳ ಮೇಲೆಲ್ಲ ಬಾಣ, ತ್ರಿಕೋನ, ಗೆರೆ ಎಳೆದ ಸೊನ್ನೆ. ನೋಡಿ ಮೊದಲು ನಗು ಬಂತು. ಪುಸ್ತಕ ಮುಂದಿಟ್ಟುಕೊಂಡು ಒಂದೊಂದೇ ಚಿಹ್ನೆ ಕಲಿಯುತ್ತ ಹೋದಂತೆ ನಗು ನಿಂತು ಬಾಯಿ ತೆರೆದುಕೊಂಡಿತು. ಇಡೀ ತರಗತಿಯ ಅಂಕಗಳನ್ನು ಸಾಲಾಗಿ ಕೊಟ್ಟು, ಎಡಕ್ಕೊಂದು ಕೂಡಿಸುವ ಚಿಹ್ನೆ, ಒಂದು ಓರೆಗೆರೆ ಇಟ್ಟರೆ ಮೊತ್ತ ಸಿದ್ಧ! ಚಿಹ್ನೆ ಬದಲಿಸಿದರೆ ಎಲ್ಲಕ್ಕಿಂತ ಹೆಚ್ಚಿನ ಅಂಕ ಯಾವುದೆಂದು ಹೇಳುತ್ತದೆ. ಇನ್ನೊಂದು ಚಿಹ್ನೆ ಇಡೀ ಸಾಲನ್ನೇ ತಿರುಗಿಸಿ ನಿಲ್ಲಿಸುತ್ತದೆ. ಇದನ್ನು ಕಂಡುಹಿಡಿದ ಪುಣ್ಯಾತ್ಮ ಎದುರಿಗೆ ಸಿಕ್ಕಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಹೀಗೆ ಪ್ರೀತಿ ಬೆಳೆಯುತ್ತಿರುವಾಗ ಒಂದು ಶನಿವಾರ, ಸುಮ್ಮನೆ, 10-5-2 ಎಂದು ಒತ್ತಿದೆ. ಮೂರು ಬರಬೇಕು. ಏಳು ಬಂತು. ಮತ್ತೆ ಒತ್ತಿದೆ. ಏಳೇ! ಪ್ರಿನ್ಸಿಪಾಲರ ಕೋಣೆಗೆ ಓಡಿದೆ.

“ಮಷೀನ್ ಕೆಟ್ಟದರೀ ಸರ. ಕಳಿಯಾಕ ಬರವಲ್ದು.”

“ಕಳಿಯಾಕ ಬರಲಾರದ್ದು ನಮಗ್ಯಾಕ್ರೀ? ಸೋಮವಾರ ಲಾರಿ ಕರಿಸ್ತೀನಿ, ವಾಪಸ್ ಹೋಗ್ಲಿ” ಎಂದುಬಿಟ್ಟರು.

ಅವರು ಇಷ್ಟು ಬೇಗ ಒಪ್ಪುತ್ತಾರೆಂದು ನಾನೆಣಿಸಿರಲಿಲ್ಲ. ಆ ಬಾಣ, ತ್ರಿಕೋನಗಳೆಲ್ಲ ಲಾರಿ ಹತ್ತುವುದನ್ನು ನೆನೆದು, ಮತ್ತೆ ಕಂಪ್ಯೂಟರಿನ ಮುಂದೆ ಹೋಗಿ ಕೂತು ಒಂದೊಂದೇ ಕೀಲಿ ಒರೆಸಿದೆ.

ಭಾನುವಾರ ಹೆಂಡತಿಯೊಡನೆ ಮಾನ್ವಿಗೆ, ಅವಳ ತವರಿಗೆ ಹೋದೆ. ನಮ್ಮ ಮಾವನವರು ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವರು. ಆಗಲೂ ಕನ್ನಡ ಪೇಪರನ್ನು ಕೊನೆಯ ಪುಟದಿಂದಲೇ ತೆರೆಯುತ್ತಿದ್ದರು. ಆ ಬಗ್ಗೆ ನಾನು ಹೆಂಡತಿಯೆದುರು ಬೇಕಾದಷ್ಟು ತಮಾಷೆ ಮಾಡಿದ್ದೇನೆ. ನನ್ನ ಸಪ್ಪೆ ಮೋರೆ ನೋಡಿ ಅವರೇ ಕೇಳಿದರು.

“ಯಾಕ್ರೀ ಅಳಿಯಾರ, ಪರೇಶಾನಿ ಆದಂಗ ಕಾಣ್ತದ?”

ಪೇಪರಿನ ಅಂಚಿನಲ್ಲಿ ಆ ಲೆಕ್ಕ ಬರೆದು, ಕಾಲೇಜಿನ ಮಷೀನು ಇದಕ್ಕೆ ಏಳು ಎನ್ನುತ್ತದೆಂದು ತೋರಿಸಿದೆ. ಅವರು ಕನ್ನಡಕ ಏರಿಸಿ, ಬೆರಳನ್ನು ಸಾಲಿನ ಬಲತುದಿಗಿಟ್ಟರು.

“ಐದರಾಗ ಎರಡು ಹೋದ್ರ ಮೂರು. ಹತ್ತರಾಗ ಆ ಮೂರು ಹೋದ್ರ ಏಳು. ಲೆಕ್ಕ ಬರೋಬ್ಬರಿ ಅದ, ತಪ್ಪೇನದ?”

“ಅದು ಎಡಕಿನಿಂದ ಓದಬೇಕ್ರೀ ಮಾವಾರ.”

“ಹಂಗಂತ ಮಷೀನಿಗೆ ಯಾರು ಹೇಳ್ಯಾರ?”

ಯಾರೂ ಹೇಳಿರಲಿಲ್ಲ. ರಾಯಚೂರಿಗೆ ಮರಳಿದವನೇ ಪುಸ್ತಕ ತೆಗೆದೆ. ಮೊದಲಿಗೇ ಬರೆದಿತ್ತು: ಬಲದಿಂದ ಎಡಕ್ಕೆ. ಗುಣಾಕಾರ ಮೊದಲು, ಸಂಕಲನ ಆಮೇಲೆ ಎಂಬ ಹಿರಿಯ-ಕಿರಿಯ ಭೇದವೂ ಇಲ್ಲ, ಎಲ್ಲರೂ ಬಲಗಡೆಯವರ ಕೆಲಸ ಮುಗಿಯುವ ತನಕ ಕಾಯಬೇಕು. ಎಂಥ ಚೆಂದದ ನ್ಯಾಯ! ಮುನ್ನುಡಿ ಓದುವುದು ವಿದ್ಯಾರ್ಥಿಗಳ ಕೆಲಸವೆಂದು ನಾನು ಅದನ್ನು ಹಾರಿಸಿದ್ದೆ.

ಸೋಮವಾರ ಲಾರಿ ಬರುವ ಮೊದಲೇ ಪ್ರಿನ್ಸಿಪಾಲರ ಮುಂದೆ ನಿಂತೆ. “ರಿಪೇರಿ ಆತ್ರೀ ಸರ.”

“ಏನು ಕೆಟ್ಟಿತ್ರೀ?”

“ಒಂದು ಕಡೆ ಭಾಳ ಬಿಗಿ ಆಗಿತ್ರೀ. ಸಡ್ಲ ಮಾಡೀನಿ.” ಬಿಗಿಯಾಗಿದ್ದದ್ದು ನನ್ನ ತಲೆ ಎಂದು ಹೇಳುವ ಧೈರ್ಯ ಬರಲಿಲ್ಲ.

ಲಾರಿ ಖಾಲಿ ಹೋಯಿತು, ನನ್ನ ಕಂಪ್ಯೂಟರ್ ಉಳಿಯಿತು. ಆದರೆ ಮರುದಿನವೇ ಪ್ರಿನ್ಸಿಪಾಲರು ನನ್ನನ್ನು ಕರೆದು, ಅಷ್ಟು ದೊಡ್ಡ ಮಷೀನ್ ರಿಪೇರಿ ಮಾಡಿದವರಿಗೆ ಇದ್ಯಾವ ಲೆಕ್ಕ ಎಂದು ಸ್ಟಾಫ್ ರೂಮಿನ ನಿಂತುಹೋದ ಫ್ಯಾನ್ ತೋರಿಸಿದರು. ಸ್ಟೂಲು ಹತ್ತಿ, ತೋಚಿದ ಹಾಗೆ ವೈರು ಜೋಡಿಸಿ, ದೇವರನ್ನು ನೆನೆದು ಸ್ವಿಚ್ ಹಾಕಿಸಿದೆ. ಫ್ಯಾನ್ ತಿರುಗಿತು. ಗಾಳಿ ಮಾತ್ರ ಬರಲಿಲ್ಲ.

“ಉಲ್ಟಾ ತಿರಗಾಕತ್ತದಲ್ರೀ!” ಎಂದರು ಪ್ರಿನ್ಸಿಪಾಲರು.

ನಾನು ಸ್ಟೂಲಿನ ಮೇಲಿಂದಲೇ, ಬೆವರು ಒರೆಸಿಕೊಳ್ಳುತ್ತ ಹೇಳಿದೆ: “ಉಲ್ಟಾ ಅಲ್ರೀ ಸರ, ಬಲಕಿನಿಂದ ಶುರು ಮಾಡ್ಯದ.”